ಕೂಡಬೇಕಾದದ್ದು ವಾಟ್ ಅಲ್ಲ, ನೋಡಬೇಕಾದದ್ದು ಓಮ್

ಪ್ರಶ್ನೆ: ನನ್ನ ಆಂಪ್ಲಿಫೈಯರ್ ಚಾನೆಲ್‌ಗೆ 100 ವಾಟ್‌ನದು, ಹಿಂಬದಿಯಲ್ಲಿ ‘4–16 ಓಮ್’ ಎಂದಿದೆ. ಹಜಾರಕ್ಕೂ ಊಟದ ಕೋಣೆಗೂ ಸೇರಿ ಚಾನೆಲ್‌ಗೆ 8 ಓಮ್‌ನ ಎರಡೆರಡು ಸ್ಪೀಕರ್ ಇದ್ದಾಗ ತೊಂದರೆಯಿರಲಿಲ್ಲ. ಓದುವ ಕೋಣೆಗೆ ಮೂರನೆಯ ಜೋಡಿ ಸೇರಿಸಿದ ಮೇಲೆ ಅರ್ಧ ಗಂಟೆಗೆ ಸದ್ದು ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಬರುತ್ತದೆ. ಒಂದೊಂದು ಸ್ಪೀಕರ್ 30 ವಾಟ್; ಮೂರು ಸೇರಿದರೂ 90 ತಾನೇ?

ಉತ್ತರ: ಸ್ಪೀಕರ್ ಮೇಲಿನ ವಾಟ್ ಅದರ ತಾಳಿಕೆಯ ಮಿತಿ, ಅಷ್ಟೆ. ಆಂಪ್ಲಿಫೈಯರ್‌ನಿಂದ ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದು ಓಮ್‌ನ, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಮಾತು; ಓಮ್ ಇಳಿದಷ್ಟೂ ಕರೆಂಟ್ ಏರುತ್ತದೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕಟ್ಟಿರುವುದು ಸಮಾಂತರ ಜೋಡಣೆ, ಇದರಲ್ಲಿ ಸ್ಪೀಕರ್ ಹೆಚ್ಚಿದಷ್ಟೂ ಒಟ್ಟು ಓಮ್ ಇಳಿಯುತ್ತದೆ. ಎರಡು ಸ್ಪೀಕರ್ ಇದ್ದಾಗ 4 ಓಮ್, ಆಗಲೇ ಅಂಚಿನಲ್ಲಿದ್ದಿರಿ. ಮೂರನೆಯದು ಸೇರಿ 2.7ಕ್ಕೆ ಇಳಿಯಿತು, ಅದೇ ವಾಲ್ಯೂಮ್‌ಗೆ ಕರೆಂಟ್ ಒಂದೂವರೆ ಪಟ್ಟಾಯಿತು. ಸದ್ದು ನಿಲ್ಲಿಸುತ್ತಿರುವುದು ರಕ್ಷಣಾ ಸರ್ಕ್ಯೂಟ್. ಅದಿಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟು, ನೀವು ನನಗಲ್ಲ, ರಿಪೇರಿಯವರಿಗೆ ಬರೆಯುತ್ತಿದ್ದಿರಿ. ಫ್ಯಾನ್ ಇಟ್ಟು ತಣಿಸುತ್ತ ಕಾಲ ತಳ್ಳಬೇಡಿ.

ಊಟದ ಕೋಣೆಯ ಮತ್ತು ಓದುವ ಕೋಣೆಯ ಸ್ಪೀಕರ್‌ಗಳನ್ನು ಸರಣಿಯಲ್ಲಿ ಕಟ್ಟಿ. ಆಂಪ್ಲಿಫೈಯರ್‌ನ ಪ್ಲಸ್ ಮೊದಲನೆಯದರ ಪ್ಲಸ್‌ಗೆ, ಅದರ ಮೈನಸ್ ಎರಡನೆಯದರ ಪ್ಲಸ್‌ಗೆ, ಅಲ್ಲಿಂದ ಮೈನಸ್ ವಾಪಸ್ ಆಂಪ್ಲಿಫೈಯರ್‌ಗೆ. ಇದು 16 ಓಮ್. ಹಜಾರದ ಸ್ಪೀಕರನ್ನು ಇದಕ್ಕೆ ಸಮಾಂತರವಾಗಿ ಸೇರಿಸಿದರೆ ಒಟ್ಟು 5.3 ಓಮ್, ಆಂಪ್ಲಿಫೈಯರ್ ನಿರಾಳ. ಸರಣಿಯ ಒಂದೊಂದಕ್ಕೂ ಹಜಾರದ್ದರ ಕಾಲು ಭಾಗ ಶಕ್ತಿಯಷ್ಟೇ ಹೋಗುತ್ತದೆ, ಅಂದರೆ 6 ಡೆಸಿಬಲ್ ಕಡಿಮೆ. ಊಟ ಮಾಡುವಾಗ, ಓದುವಾಗ ಅದೇ ಹಿತವೆಂಬುದು ನನ್ನ ಎಣಿಕೆ. ಆದರೆ ಸರಣಿಯ ಎರಡೂ ಒಂದೇ ಮಾದರಿಯವಾಗಿರಲಿ; ಬೇರೆಯಾದರೆ ಒಂದರ ಓಮ್‌ನ ಏರಿಳಿತ ಇನ್ನೊಂದರ ದನಿಯನ್ನು ಕೆಡಿಸುತ್ತದೆ.

ಎಡ ಮತ್ತು ಬಲ ಚಾನೆಲ್‌ಗಳ ಮೈನಸ್‌ಗಳನ್ನು ವೈರ್ ಉಳಿಸಲೆಂದು ಎಂದೂ ಒಂದು ಮಾಡಬೇಡಿ. ಎಷ್ಟೋ ಆಂಪ್ಲಿಫೈಯರ್‌ಗಳಲ್ಲಿ ಆ ಮೈನಸ್ ಗ್ರೌಂಡ್‌ಗೆ ಸೇರಿದ್ದಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ.

ಕಟ್ಟುವ ಮುನ್ನ ಪ್ಲಗ್ ಕಿತ್ತಿಡಿ. ವೈರ್‌ನ ತುದಿಯನ್ನು ಬೆರಳಲ್ಲಿ ಬಿಗಿಯಾಗಿ ಹೊಸೆಯಿರಿ. ಕೂದಲಿನಂಥ ಒಂದೇ ಎಳೆ ಹೊರಚಾಚಿ ಪಕ್ಕದ ಟರ್ಮಿನಲ್ ಮುಟ್ಟಿದರೂ ಶಾರ್ಟ್. ಎಲ್ಲ ಕಟ್ಟಿದ ಮೇಲೆ ಆಂಪ್ಲಿಫೈಯರ್ ಕಡೆಯ ಎರಡು ತುದಿಗಳನ್ನು ಮಾತ್ರ ಬಿಡಿಸಿ, ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಅಳೆಯಿರಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ ಸುಮಾರು 6–7 ತೋರಿಸುವುದು ಸಹಜ, ಹಾಗಾಗಿ ನಿಮಗೆ 4ರಿಂದ 5ರ ನಡುವಿನ ಅಂಕಿ ಬರಬೇಕು. ಎರಡರ ಆಸುಪಾಸಿಗೆ ಬಂದರೆ ಎಲ್ಲವೂ ಮತ್ತೆ ಸಮಾಂತರವಾಗಿವೆ. ಸೊನ್ನೆಯ ಹತ್ತಿರ ಬಂದರೆ ಆ ಎಳೆಯನ್ನು ಹುಡುಕಿ, ಸಿಗುವವರೆಗೆ ಸ್ವಿಚ್ ಒತ್ತಬೇಡಿ.