ತಾತನ ಶೇವಿಂಗ್ ಬ್ರಷ್ ಕೂದಲು ಉದುರಿಸುತ್ತಿದೆ, ರಿಪೇರಿ ಆಗುತ್ತದೆಯೇ?

ನೀವು ಹೇಳಿದ್ದು ಇಷ್ಟು: ಹಳೇ ಪೆಟ್ಟಿಗೆಯಲ್ಲಿ ಸಿಕ್ಕ ಬ್ರಷ್, ಜೇನುಬಣ್ಣದ ಹಿಡಿ, ತೊಳೆದಾಗಲೆಲ್ಲ ಗೊಂಚಲು ಗೊಂಚಲಾಗಿ ಉದುರುವ ಕೂದಲು, ಮನೆಯಲ್ಲಿ ಬೋರ್‌ವೆಲ್ ನೀರು. ರಿಪೇರಿ ಖಂಡಿತ ಆಗುತ್ತದೆ. ಆದರೆ ಉಳಿಸಿಕೊಳ್ಳಬೇಕಾದದ್ದು ಹಿಡಿ, ಕೂದಲಲ್ಲ. ಒಂದೆರಡು ಎಳೆ ಬಿದ್ದರೆ ಚಿಂತೆಯಿಲ್ಲ. ಗೊಂಚಲಾಗಿ ಬರುತ್ತಿದ್ದರೆ ಬುಡದ ಅಂಟು ಸತ್ತಿದೆ ಎಂದೇ ಅರ್ಥ, ಆ ಕುಚ್ಚನ್ನು ಮತ್ತೆ ಕಟ್ಟಲು ಆಗುವುದಿಲ್ಲ.

ಮುಟ್ಟುವ ಮೊದಲು ವಯಸ್ಸು ಅಂದಾಜು ಮಾಡಿ. ಮೊದಲ ಮಹಾಯುದ್ಧದ ಸಮಯದಲ್ಲಿ ಮತ್ತು ಆಮೇಲಿನ ಕೆಲವು ವರ್ಷ, ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಬ್ರಷ್‌ಗಳಿಂದ ಬ್ರಿಟನ್, ಅಮೆರಿಕಗಳಲ್ಲಿ ಜನರಿಗೆ ಆಂಥ್ರಾಕ್ಸ್ ತಗುಲಿ ಸಾವುಗಳೂ ಆದವು. ನಮ್ಮಲ್ಲಿ ದನಗಳಿಗೆ ಬರುವ ನೆರಡಿ ರೋಗ ಅದೇ. ಅದರ ಬೀಜಾಣು ದಶಕಗಟ್ಟಲೆ ಬದುಕುತ್ತದೆ, ಬಿಸಿನೀರಿನಲ್ಲಿ ಅದ್ದಿದರೆ ಸಾಯುವುದಿಲ್ಲ. ಬ್ರಷ್ ಅಷ್ಟು ಹಳೆಯದು ಅನ್ನಿಸಿದರೆ ಕತ್ತರಿಸುವುದೂ ಬೇಡ, ಕೊರೆಯುವುದೂ ಬೇಡ, ಹಾಗೇ ಮುಚ್ಚಿಡಿ.

ಆಮೇಲೆ ಹಿಡಿ ಯಾವುದರದ್ದು ನೋಡಿ. ಹೆಬ್ಬೆರಳಿನಿಂದ ಬಿಸಿಯಾಗುವ ತನಕ ಉಜ್ಜಿ ಮೂಸಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂಬ ಹಳೇ ಕಾಲದ ಪ್ಲಾಸ್ಟಿಕ್. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಅಸಿಟೋನ್ ತಾಗಿದರೆ ಕರಗುತ್ತದೆ. ಡ್ರಿಲ್ ಹತ್ತಿರಕ್ಕೂ ತರಬೇಡಿ, ಹಳೇ ಕುಚ್ಚನ್ನು ಕೈಯಲ್ಲೇ ಕೆರೆದು ತೆಗೆಯಿರಿ. ಫಾರ್ಮಲಿನ್ (ಲ್ಯಾಬಿನ ಜಾಡಿಗಳಲ್ಲಿ ಹಾಕುವ ದ್ರವ) ವಾಸನೆ ಬಂದರೆ ಬೇಕಲೈಟ್ ಅಥವಾ ಕ್ಯಾಟಲಿನ್, ಇವೂ ಹಳೇ ಕಾಲದ ಪ್ಲಾಸ್ಟಿಕ್‌ಗಳೇ. ಜೇನುಬಣ್ಣ ನೋಡಿದರೆ ನಿಮ್ಮದು ಕ್ಯಾಟಲಿನ್ ಇರಬಹುದು. ಬಿಳಿ ಕ್ಯಾಟಲಿನ್ ವರ್ಷಗಳು ಕಳೆದಂತೆ ಹಳದಿಯಾಗುತ್ತದೆ. ಹಿತ್ತಾಳೆ ಹೊಳಪಿಸುವ ಬ್ರಾಸೋ ಪಾಲಿಶ್ ಹಾಕಿ ಉಜ್ಜಿದರೆ ಆ ಹಳದಿ ಬಟ್ಟೆಗೆ ಬಂದು ಒಳಗಿನ ತಿಳಿ ಬಣ್ಣ ಕಾಣುತ್ತದೆ. ನನ್ನ ಮಾತು ಕೇಳುವುದಾದರೆ ಆ ಜೇನುಬಣ್ಣವನ್ನು ಹಾಗೇ ಬಿಡಿ. ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬರಲು ಅಷ್ಟೇ ವರ್ಷ ಬೇಕು.

ಕುಚ್ಚು ತೆಗೆಯಲು, ಧೂಳು ಏಳದಂತೆ ಕೂದಲನ್ನು ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು, ಹಿಡಿಯ ಅಂಚಿನ ಮಟ್ಟಕ್ಕೆ ಕತ್ತರಿಸಿ. ಹಿಡಿಗೆ ದಪ್ಪ ಬಟ್ಟೆ ಸುತ್ತಿ ವೈಸ್‌ನಲ್ಲಿ ಹಿತವಾಗಿ ಬಿಗಿಯಿರಿ. ನಡುವೆ 6 ಮಿ.ಮೀ. ಡ್ರಿಲ್ ಬಿಟ್‌ನಿಂದ ಶುರುಮಾಡಿ ಹಂತಹಂತವಾಗಿ ಅಗಲ ಮಾಡುತ್ತಾ ಹೋಗಿ. ವೇಗ ಕಡಿಮೆ ಇರಲಿ, ಆಗಾಗ ನಿಲ್ಲಿಸಿ ಆರಲು ಬಿಡಿ, ಬಿಸಿಯಾದರೆ ಕ್ಯಾಟಲಿನ್ ಬಿರುಕು ಬಿಡುತ್ತದೆ. ಕೊನೆಯ ಎರಡು ಮಿಲಿಮೀಟರನ್ನು ಕೋಲಿಗೆ ಸುತ್ತಿದ ಎಮರಿ ಪೇಪರ್‌ನಿಂದಲೇ ಮುಗಿಸಿ. ಬಿಟ್, ವರ್ನಿಯರ್ ಕ್ಯಾಲಿಪರ್ ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ.

ಹೊಸ ಕುಚ್ಚು ಆನ್‌ಲೈನಿನಲ್ಲಿ ಸಿಗುತ್ತದೆ. ದಿನಬಳಕೆಗೆ ಸಿಂಥೆಟಿಕ್ ತೆಗೆದುಕೊಳ್ಳಿ: ಬೇಗ ಒಣಗುತ್ತದೆ, ಹುಳ ತಿನ್ನುವುದಿಲ್ಲ. ಹಿಡಿಯಲ್ಲಿ ಕೊರೆದ ಗುಂಡಿ 22 ಮಿ.ಮೀ. ಇದ್ದರೆ ಕುಚ್ಚಿನ ಬುಡದ ಅಗಲ ಅದಕ್ಕಿಂತ ಅರ್ಧ ಮಿ.ಮೀ. ಕಡಿಮೆ ಇರಬೇಕು. ಇಲ್ಲಿ ಅವಸರ ಬೇಡ, ಬ್ರಷ್ ಕೈಗೆ ಹೇಗೆ ಅನ್ನಿಸಬೇಕು ಎಂಬುದೆಲ್ಲ ತೀರ್ಮಾನವಾಗುವುದು ಈ ಹಂತದಲ್ಲೇ. ಹಿಡಿಯ ಅಂಚಿನಿಂದ ಕೂದಲ ತುದಿಯವರೆಗಿನ ಎತ್ತರಕ್ಕೆ ಲಾಫ್ಟ್ ಎನ್ನುತ್ತಾರೆ. 22ರ ಕುಚ್ಚಿಗೆ 46ರಿಂದ 50 ಮಿ.ಮೀ. ಸರಿ. ಜಾಸ್ತಿಯಾದರೆ ಬ್ರಷ್ ಮುಖದ ಮೇಲೆ ಜೋಲುತ್ತದೆ, ಕಮ್ಮಿಯಾದರೆ ಕಡ್ಡಿಯಂತೆ ಚುಚ್ಚುತ್ತದೆ. ಅಂಟು ಹಾಕುವ ಮುಂಚೆ ಒಣಗಿದ್ದಾಗಲೇ ಕೂರಿಸಿ ಅಳೆಯಿರಿ. ಗುಂಡಿ ಆಳವಾಗಿದ್ದರೆ ತಳಕ್ಕೆ ಪ್ಲಾಸ್ಟಿಕ್ ಬಿಲ್ಲೆ ಹಾಕಿ. ಕಬ್ಬಿಣದ ವಾಷರ್ ತುಕ್ಕು ಹಿಡಿಯುತ್ತದೆ.

ಅಂಟಿಗೆ ಎರಡು ಟ್ಯೂಬಿನ, ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್. ಸಮಸಮ ಹಿಂಡಿ ಎರಡು ನಿಮಿಷ ಕಲಸಿ, ಬಟಾಣಿ ಕಾಳಿನಷ್ಟನ್ನು ಗುಂಡಿಯ ಗೋಡೆಗೆ ಸವರಿ. ತಳದಲ್ಲಿ ಸುರಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಕುಚ್ಚನ್ನು ಮೇಲಕ್ಕೆ ನೂಕುತ್ತದೆ, ಬೆಳಗ್ಗೆ ನೋಡಿದರೆ ಸೊಟ್ಟಗೆ ಅಂಟಿಕೊಂಡಿರುತ್ತದೆ. ಕುಚ್ಚಿನ ಬುಡದ ಪಕ್ಕದಲ್ಲಿ ಫೈಲ್‌ನಿಂದ (ಅರದಿಂದ) ಒಂದು ಗೀರು ಎಳೆದರೆ ಗಾಳಿಗೆ ದಾರಿಯಾಗುತ್ತದೆ. ಫೆವಿಕ್ವಿಕ್ ಬಗೆಯ ಅಂಟು ಬೇಡ, ಕೂದಲ ನಡುವೆ ಏರಿ ಗಟ್ಟಿಯಾಗಿಬಿಡುತ್ತದೆ. ಎರಡು ದಿನ ನೀರು ಸೋಕಿಸಬೇಡಿ.

ಇನ್ನು ನೀರು. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬುಡದಲ್ಲಿ ಬಿಳಿ ಅಂಟಂಟು ಕಟ್ಟುತ್ತದೆ. ಕೂದಲು ಬಿರುಸಾಗಿ ನಡುವಿನಿಂದ ಮುರಿಯುವುದಕ್ಕೆ ಇದೂ ಕಾರಣ. ತಿಂಗಳಿಗೊಮ್ಮೆ ಒಂದು ಪಾಲು ಬಿಳಿ ವಿನೆಗರ್, ಹತ್ತು ಪಾಲು ಉಗುರುಬೆಚ್ಚಗಿನ ನೀರಿನಲ್ಲಿ ಕೂದಲನ್ನಷ್ಟೇ ಐದು ನಿಮಿಷ ನೆನೆಸಿ, ಆಮೇಲೆ ಒಂದು ಹನಿ ಶಾಂಪೂ ಹಾಕಿ ತೊಳೆಯಿರಿ. ಕಾವೇರಿ ನೀರು ಬರುವ ದಿನ ಒಂದು ಬಾಟಲಿ ಹಿಡಿದಿಟ್ಟುಕೊಂಡು ಕೊನೆಯ ಜಾಲಾಟಕ್ಕೆ ಬಳಸಿದರೆ ಇನ್ನೂ ಒಳ್ಳೆಯದು. ಕುದಿಯುವ ನೀರು ಯಾವತ್ತೂ ಬೇಡ. ಶೇವ್ ಆದ ಮೇಲೆ ಕೊಡವಿ, ಟವಲ್ ಮೇಲೆ ಹಗುರವಾಗಿ ಸವರಿ, ಬಚ್ಚಲಮನೆಯಿಂದ ಹೊರಗೆ ಗಾಳಿಯಾಡುವ ಕಿಟಕಿಯ ಹತ್ತಿರ ನಿಲ್ಲಿಸಿ. ಮಳೆಗಾಲದಲ್ಲಿ ಮುಚ್ಚಿದ ಕಪಾಟಿನಲ್ಲಿಟ್ಟರೆ ಬೂಷ್ಟು ಬರುತ್ತದೆ. ನುಸಿ ಗುಳಿಗೆಯನ್ನೂ ಪಕ್ಕದಲ್ಲಿ ಇಡಬೇಡಿ, ಕೆಲವು ಪ್ಲಾಸ್ಟಿಕ್ ಹಿಡಿಗಳು ಅದರಿಂದ ಮೆತ್ತಗಾಗುತ್ತವೆ.