ಕಾಂಕ್ರೀಟ್ ಕಾಲುವೆಯನ್ನು ಒಡೆದು ಹೊಳೆ ಮಾಡಿದರೆ ನಗರದಲ್ಲಿ ಪ್ರವಾಹ ಹೆಚ್ಚುವುದಿಲ್ಲವೇ?

ಸರಿಯಾಗಿ ಮಾಡಿದರೆ ಹೆಚ್ಚುವುದಿಲ್ಲ, ತಗ್ಗುತ್ತದೆ. ಸಿಂಗಪುರದ ಬಿಶಾನ್–ಆಂಗ್ ಮೋ ಕಿಯೊ ಉದ್ಯಾನವನ್ನೇ ನೋಡಿ. ಅಲ್ಲಿ ಕಲ್ಲಾಂಗ್ ನದಿ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. 2012ರ ಹೊತ್ತಿಗೆ ಅದನ್ನು ಒಡೆದು, 3.2 ಕಿ.ಮೀ. ಉದ್ದದ ಅಂಕುಡೊಂಕಾದ ಹೊಳೆಯಾಗಿ ಉದ್ಯಾನದೊಳಗೇ ಹರಿಯಬಿಟ್ಟರು.

ಗುಟ್ಟು ಇರುವುದು ಅಗಲದಲ್ಲಿ. ಕಾಲುವೆ ನೀರನ್ನು ಬೇಗ ಸಾಗಿಸುತ್ತದೆ ನಿಜ, ಆದರೆ ತುಂಬಿದ ಮೇಲೆ ಅದು ಉಕ್ಕಲೇಬೇಕು. ಈ ಹೊಳೆಗೆ ಇಳಿಜಾರಿನ ಹುಲ್ಲುದಂಡೆಗಳಿವೆ. ಮಳೆಯಿಲ್ಲದ ದಿನ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೊಳೆ ದಾಟುತ್ತಾರೆ. ಜೋರು ಮಳೆ ಬಂದಾಗ ಅದೇ ಹುಲ್ಲಿನ ಮೇಲೆ ನೀರು ಹರಡಿಕೊಳ್ಳುತ್ತದೆ. ಜನ ಮೇಲಕ್ಕೆ ಸರಿಯಲೆಂದು ಸೈರನ್ ಕೂಗುತ್ತದೆ.

ಮಣ್ಣಿನ ದಂಡೆ ಕೊಚ್ಚಿಹೋಗುವುದಿಲ್ಲವೇ? ಗಿಡದ ಬೇರು ಮತ್ತು ಕಲ್ಲುಗಳನ್ನು ಸೇರಿಸಿ ದಂಡೆ ಕಟ್ಟುವ ಹಲವು ವಿಧಾನಗಳನ್ನು ಮೊದಲು ಚಿಕ್ಕದೊಂದು ಕಾಲುವೆಯಲ್ಲಿ ಪರೀಕ್ಷಿಸಿ ನೋಡಿದ್ದರು. ನನಗೆ ಬಹಳ ಮೆಚ್ಚುಗೆಯಾದ ಸಂಗತಿ ಇದು. ಒಡೆದ ಕಾಂಕ್ರೀಟನ್ನೂ ಎಸೆಯದೆ ಪೇರಿಸಿ ಗುಡ್ಡ ಮಾಡಿದ್ದಾರೆ. ಈಗ ಅಲ್ಲಿ ನೀರುನಾಯಿಗಳು ಮರಿಗಳೊಂದಿಗೆ ಈಜುತ್ತವೆ.

ಬೆಂಗಳೂರಿನ ರಾಜಕಾಲುವೆಗಳಿಗೆ ಇದನ್ನು ಹಾಗೆಯೇ ತರಲಾಗದು. ಕೊಳಚೆ ನೀರು ಸೇರುವ ಕಡೆ ಮಕ್ಕಳನ್ನು ಇಳಿಸುವಂತಿಲ್ಲ. ಒಳಚರಂಡಿಯನ್ನು ಬೇರ್ಪಡಿಸುವುದು ಮೊದಲ ಕೆಲಸ, ದಂಡೆಯ ಜಾಗವನ್ನು ಉಳಿಸಿಕೊಳ್ಳುವುದು ಎರಡನೆಯದು. ಎರಡನೆಯದೇ ಹೆಚ್ಚು ಕಷ್ಟ ಎಂಬುದು ನನ್ನ ಅನಿಸಿಕೆ, ಏಕೆಂದರೆ ಒಮ್ಮೆ ಕಟ್ಟಡ ಎದ್ದ ಮೇಲೆ ಆ ಜಾಗ ನೀರಿಗೆ ಮರಳಿ ಸಿಗುವುದು ಬಹಳ ಅಪರೂಪ.