ಕೇಳ್ರಿ, ಹೇಳ್ತೀವಿ: ರೆಕಾರ್ಡ್ ರೂಮಿನ ಕೀಲಿ ಯಾರ ಕೈಯಾಗಿರಬೇಕು?

ಪ್ರಶ್ನೆ: ನಾನು ಚಿಂಚೋಳಿ ತಾಲೂಕಿನ ರಿಟೈರ್ಡ್ ಮಾಸ್ತರ. ನಮ್ ಕಡಿ ಒಂದು ಸರ್ಕಾರಿ ಆಫೀಸಿನ ರೆಕಾರ್ಡ್ ರೂಮಿನಾಗ ಹಳೇ ದಫ್ತರ್ ಗಂಟು ಭಾಳ ಅದಾವ. ಜಾಗ ಸಾಲವಲ್ದು ಅಂತ ತೆಗೆದು ಸುಡ್ತಾರಂತ ಸುದ್ದಿ ಅದ. ಅದ್ರಾಗ ಊರ ಲೀಡರ್ ಒಬ್ಬರ ಜಮೀನಿನ ಫೈಲೂ ಅದಾವ ಅಂತ ಮಂದಿ ಮಾತಾಡ್ತಾರ. ರಾಜಕಾರಣಿಗಳು ಬಾಯಿಲೇ ಹೇಳಿದ್ರ ಕಾಗದ ನಾಶ ಮಾಡಾಕ ಬರ್ತದೇನ್ರಿ?

ಉತ್ತರ: ಬರಂಗಿಲ್ಲ ಮಾಸ್ತರೇ. ಎಂಎಲ್ಎ ಹೇಳಲಿ ಮಂತ್ರಿ ಹೇಳಲಿ, ಬಾಯಿಮಾತಿಗೆ ಇದ್ರಾಗ ಬೆಲೆ ಇಲ್ಲ. ಫೈಲ್ ಮುಗಿದ ಮ್ಯಾಲ ಅದಕ್ಕೊಂದು ಕ್ಲಾಸ್ ಹಾಕ್ತಾರ, ಕೆಲವು ಕಾಯಂ ಇಡೋವು, ಕೆಲವು ಇಂತಿಷ್ಟು ವರ್ಷ ಅಂತ. ಆ ವರ್ಷ ಮುಗೀಬೇಕು, ಒಬ್ಬರು ಕುಂತು ನೋಡ್ಬೇಕು, ಪಟ್ಟಿ ಆಗ್ಬೇಕು, ಅಧಿಕಾರಿ ಸಹಿ ಬೀಳ್ಬೇಕು, ಆಮ್ಯಾಲ ನಾಶದ ಮಾತು. ಕೇಂದ್ರದ ಆಫೀಸುಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಅದ, ನಿಯಮ ಮೀರಿ ದಾಖಲೆ ನಾಶ ಮಾಡಿದವರಿಗೆ 5 ವರ್ಷದ ತನಕ ಜೈಲು ಇಲ್ಲಾ 10,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. 25 ವರ್ಷ ದಾಟಿದ ಕಾಗದ ಅದರ ಮಹತ್ವ ಪರಿಶೀಲನೆ ಮಾಡದ ನಾಶ ಮಾಡಂಗಿಲ್ಲ, ನಾಶಕ್ಕ ಹಾಕಿದ್ದರ ಪಟ್ಟಿನೂ ಕಾಯಂ ಇಡ್ಬೇಕು ಅಂತ 1997ರ ನಿಯಮ ಹೇಳ್ತಾವ. ನಿಮ್ಮ ತಾಲೂಕಾ ಆಫೀಸ್ ರಾಜ್ಯದ್ದು, ಅದಕ್ಕ ಕರ್ನಾಟಕದ್ದೇ 2010ರ ಬೇರೆ ಕಾಯ್ದೆ ಅದ.

ಈಗ ನೀವು ಏನ್ ಮಾಡ್ಬೇಕಂದ್ರ, ಗಾಡಿ ಬಂದು ಗಂಟು ಹೇರೋ ತನಕ ಕಾಯಬ್ಯಾಡ್ರಿ, ಇವತ್ತೇ ಒಂದು ಆರ್‌ಟಿಐ ಅರ್ಜಿ ಹಾಕ್ರಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ರಿ, ನಮ್ ರಾಜ್ಯದಾಗ ಒಂದೇ ವಿಷಯ, 150 ಶಬ್ದದೊಳಗ ಇರಬೇಕು, ಅದು ನೆನಪಿಡ್ರಿ. ‘ಯಾಕ ಸುಡ್ತೀರಿ’ ಅಂತ ಬರೀಬ್ಯಾಡ್ರಿ, ಯಾಕ ಅನ್ನೋದಕ್ಕ ಉತ್ತರ ಕೊಡಂಗಿಲ್ಲ ಅವರು, ನನಗ ಬಂದ ಪತ್ರಗಳಾಗ ಹತ್ತಕ್ಕ ಎಂಟು ಮಂದಿ ಇಲ್ಲೇ ಎಡವ್ತಾರ. ಕಾಗದ ಕೇಳ್ರಿ: ರೆಕಾರ್ಡ್ ರೂಮಿನ ರಿಜಿಸ್ಟರ್ ನಕಲು, ನಾಶಕ್ಕ ಹಾಕಿರೋ ಫೈಲುಗಳ ಪಟ್ಟಿ, ಅದಕ್ಕ ಮಂಜೂರಿ ಕೊಟ್ಟ ಆದೇಶ, ಮತ್ತ ನಿಮಗ ಅನುಮಾನ ಇರೋ ಸರ್ವೆ ನಂಬರಿನ ಫೈಲ್. ಅರ್ಜಿ ಬಿದ್ದ ಮ್ಯಾಲ ಕೇಳಿದ ಕಾಗದ ನಾಶ ಮಾಡಿದ್ರ ಆ ಅಧಿಕಾರಿ ಕೈಲಿಂದ ದಿನಕ್ಕ 250 ರೂಪಾಯಿ ಹಂಗ 25,000ದ ತನಕ ದಂಡ ಹೋಗ್ತದ, ಹಂಗಾಗಿ ಅರ್ಜಿನೇ ಆ ಗಂಟಿಗೊಂದು ಕಾವಲು ಅಂತ ತಿಳ್ಕೋರಿ.

30 ದಿನದಾಗ ಉತ್ತರ ಬರದಿದ್ರ ಮೊದಲ ಅಪೀಲು, ಅಲ್ಲೂ ಆಗದಿದ್ರ 90 ದಿನದೊಳಗ ಮಾಹಿತಿ ಆಯೋಗ. ಅದಕ್ಕ ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿಯಾಗೇ ಆಯೋಗದ ಪೀಠ ಅದ. ‘ಫೈಲ್ ಸಿಗವಲ್ದು’ ಅಂತ ಬರದ್ರೂ ಸುಮ್ಮ ಬಿಡಬ್ಯಾಡ್ರಿ, ಒಂದು ಕಾಲಕ್ಕ ಇದ್ದ ಕಾಗದನ ಸಿಗಲ್ಲ ಅಂದು ಕೈ ತೊಳ್ಕೊಳ್ಳಾಕ ಬರಂಗಿಲ್ಲ, ಹುಡುಕ್ಬೇಕು, ಕಳದ್ರ ಯಾರ ಜವಾಬ್ದಾರಿ ಅಂತ ವಿಚಾರಣೆ ಆಗ್ಬೇಕು ಅಂತ ದಿಲ್ಲಿ ಹೈಕೋರ್ಟ್ 2013ರಾಗೇ ಹೇಳ್ಯದ.

ಆದ್ರ ಮಾಸ್ತರೇ, ನನ್ನ ಚಿಂತಿ ಬ್ಯಾರೇನೇ ಅದ. ನಮ್ ಕಡಿ ರೆಕಾರ್ಡ್ ಕೀಪರ್ ಅಂದ್ರ ಯಾರಿಗೂ ಬ್ಯಾಡಾದ ಕುರ್ಚಿ, ಅಲ್ಲಿ ಕುಂತವ ‘ಆಗಂಗಿಲ್ರಿ ಸಾಹೇಬ್ರೇ’ ಅಂದ್ರ ಮರುದಿನ ಟ್ರಾನ್ಸ್‌ಫರ್ ಆರ್ಡರ್ ಬರಬಹುದು ಅನ್ನೋ ಹೆದರಿಕಿ ಅವನಿಗೆ. ಅಮೆರಿಕಾದಾಗ ಅಧ್ಯಕ್ಷ ನಿಕ್ಸನ್ 1974ರಾಗ ರಾಜೀನಾಮೆ ಕೊಟ್ಟ ಮುಂದಿನ ತಿಂಗಳೇ, ಅವರ ಆಫೀಸಿನ ಮಾತುಕತೆ ರೆಕಾರ್ಡ್ ಆಗಿದ್ದ ಟೇಪುಗಳನ್ನ ಮುಂದ ನಾಶ ಮಾಡಾಕ ದಾರಿ ಬಿಡೋ ಒಪ್ಪಂದಕ್ಕ ಒಬ್ಬ ಅಧಿಕಾರಿ ಸಹಿ ಹಾಕಿಬಿಟ್ಟಿದ್ರು, ಯಾಕಂದ್ರ ಅಲ್ಲಿಯ ರಾಷ್ಟ್ರೀಯ ದಾಖಲೆ ಭಂಡಾರ ಆಗ ಆ ಅಧಿಕಾರಿಯ ಇಲಾಖೆ ಕೈಕೆಳಗಿತ್ತು. ಸಂಸತ್ತು ಡಿಸೆಂಬರಿನಾಗ ಕಾಯ್ದೆ ಮಾಡಿ ಟೇಪ್ ಉಳಿಸ್ತು, 1984ರಾಗ ಭಂಡಾರನೇ ಸ್ವತಂತ್ರ ಮಾಡಿ, ಮುಖ್ಯಸ್ಥರನ್ನ ಪಕ್ಷ ನೋಡದ ಯೋಗ್ಯತಾ ನೋಡಿ ಆರಿಸ್ಬೇಕು ಅಂತ ಬರೀತು. ಅಷ್ಟಿದ್ರೂ 2025ರ ಫೆಬ್ರವರಿಯಾಗ ಅಧ್ಯಕ್ಷರು ಆ ಮುಖ್ಯಸ್ಥರನ್ನ ಕೆಲಸದಿಂದ ತೆಗೆದ್ರು. ನಮ್ಮಲ್ಲಿ ಅಷ್ಟು ರಕ್ಷಣೆಯೂ ಇಲ್ಲ. ದಾಖಲೆ ಕಾಯೋರಿಗೆ ನಿಗದಿ ಅವಧಿ ಕೊಡ್ರಿ, ಮಧ್ಯ ಎತ್ತಿ ಒಗೀಬೇಕಂದ್ರ ಕಾರಣ ಬರದು ಕೊಡ್ರಿ, ಯಾರ ಕಾಗದ ಅದಾವೋ ಅವರ ಕೈಯಾಗ ಕೀಲಿ ಕೊಡಬ್ಯಾಡ್ರಿ, ಇಷ್ಟು ನಾವು ಕೇಳಲೇಬೇಕು. ನಮ್ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ 371(ಜೆ) ಸರ್ಟಿಫಿಕೇಟ್ ಸಲುವಾಗಿ ಅಪ್ಪನ ಶಾಲಿ ದಾಖಲೆ ಹುಡುಕೊಂಡು ಅಡ್ಡಾಡಿದವರಿಗೆ ಒಂದು ಹಳೇ ಹಾಳಿ ಬೆಲೆ ಎಷ್ಟು ಅಂತ ಹೇಳೋದು ಬೇಕಿಲ್ಲ.

ಪ್ರಶ್ನೆ: ಬೀದರಿನಾಗ ಎಂಎ ಓದ್ತಿದೀನಿ. 1948ರ ಬಗ್ಗೆ ಪ್ರಾಜೆಕ್ಟ್ ಮಾಡ್ಬೇಕು, ಆದ್ರ ಇದೆಲ್ಲಾ ಮುಚ್ಚಿಟ್ಟಿದ್ದು, ಕೆದಕಬ್ಯಾಡ ಅಂತ ಮನ್ಯಾಗ ಅಂತಾರ. ಕಾಗದ ಎಲ್ಲಿ ಸಿಗ್ತಾವ ಮೇಡಂ?

ಉತ್ತರ: ಕೆದಕು ತಂಗಿ, ಧೈರ್ಯದಿಂದ ಕೆದಕು. 1948ರಾಗ ಭಾರತದ ಸೈನ್ಯ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕ ನುಗ್ಗಿದ ಪೊಲೀಸ್ ಆಕ್ಷನ್ ಆದ ಮ್ಯಾಲ ನೆಹರೂ ಸರ್ಕಾರನೇ ಪಂಡಿತ್ ಸುಂದರಲಾಲ್ ಸಮಿತಿ ಕಳಿಸ್ತು, ಅವರು ನಮ್ಮ ಜಿಲ್ಲೆಗಳಾಗ ಅಡ್ಡಾಡಿ 27,000ದಿಂದ 40,000 ಮಂದಿ ಸತ್ತಾರ ಅಂತ ಅಂದಾಜು ಬರದ್ರು, ಹೆಚ್ಚು ಪೆಟ್ಟು ಬಿದ್ದ ನಾಲ್ಕು ಜಿಲ್ಲೆಯಾಗ ಕಲಬುರಗಿ, ಬೀದರ್ ಎರಡೂ ಇದ್ವು. ಆ ವರದಿನ ಸರ್ಕಾರ ಪ್ರಕಟ ಮಾಡಲಿಲ್ಲ. 2013ರ ಹೊತ್ತಿಗೆ ದಿಲ್ಲಿಯ ನೆಹರೂ ಮ್ಯೂಸಿಯಂ ಲೈಬ್ರರಿಯಾಗ ನೋಡಾಕ ಸಿಗೋಹಂಗಾತು, ಅಷ್ಟೊತ್ತಿಗೆ ಆ ದಿನಗಳನ್ನ ಕಣ್ಣಾರೆ ಕಂಡವರೇ ಎಷ್ಟೋ ಮಂದಿ ಇಲ್ಲ. ನಿಮ್ಮ ಬೀದರ್ ಜಿಲ್ಲೆಯ ಗೋರ್ಟಾದಾಗ ನಿಜಾಮನ ಪರ ಇದ್ದ ರಜಾಕಾರರ ಪಡೆ ಮಾಡಿದ ಕೊಲೆನೂ ನಿನ್ನ ಬರಹದಾಗ ಬರಲಿ, ಆಕ್ಷನ್ ಆದ ಮ್ಯಾಲ ಆಗಿದ್ದೂ ಬರಲಿ, ಯಾವ ಪಕ್ಷಕ್ಕ ಯಾವುದು ಅನುಕೂಲ ಅಂತ ಆರಿಸಿ ಬಿಡಬ್ಯಾಡ. ನಿಜಾಮನ ಕಾಲದ ಕಡತ ಬೇಕಂದ್ರ ಹೈದರಾಬಾದಿನ ತಾರ್ನಾಕಾದಾಗ ತೆಲಂಗಾಣ ಸ್ಟೇಟ್ ಆರ್ಕೈವ್ಸ್ ಅದ, ಕಾಲೇಜಿನ ಪತ್ರ ಒಯ್ಯಿ, ಉರ್ದು ಓದೋರನ್ನ ಒಬ್ಬರನ್ನ ಜೊತಿಗೆ ಕರ್ಕೊಂಡು ಹೋಗು.

ಪ್ರಶ್ನೆ: ಶಹಾಪುರದಿಂದ. ಭೂ ಸುರಕ್ಷಾ ಅಂತ ಹಳೇ ದಾಖಲೆ ಎಲ್ಲಾ ಸ್ಕ್ಯಾನ್ ಮಾಡ್ಲಿಕತ್ತಾರಲ್ಲ, ಇನ್ನ ಚಿಂತಿ ಯಾಕ?

ಉತ್ತರ: ಸ್ಕ್ಯಾನ್ ಒಳ್ಳೇದು ಅಣ್ಣಾರೇ, ಗೆದ್ದಲು ತಿಂದ್ರೂ ನಕಲು ಉಳೀತದ. ಆದ್ರ ತಿದ್ದಿದ ಹಾಳಿ ಸ್ಕ್ಯಾನ್ ಮಾಡಿದ್ರ ತಿದ್ದಿದ್ದೇ ಬರ್ತದ, ಶಾಯಿ ಬ್ಯಾರೆ ಅನ್ನೋದು ಮೂಲ ಕಾಗದದ ಮ್ಯಾಲೇ ಸರಿಯಾಗಿ ಗೊತ್ತಾಗೋದು. ಹಂಗಾಗಿ ಮೂಲ ಕಾಗದ ಇಡ್ಲೇಬೇಕು. ನಿಮ್ಮ ಹೊಲದ ಹಳೇ ಪಹಣಿಗೆ ಸಹಿ-ಶಿಕ್ಕಾ ಇರೋ ನಕಲು ಈ ವಾರನೇ ತೊಗೊಂಡು ಮನ್ಯಾಗ ಇಟ್ಕೋರಿ.